ಡೀಸೆಲ್ ಟಾಕಿಯ ಮುಚ್ಚಳ

ಮೊನ್ನೆ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ನೋಡಿದರೆ, ಹಾಲಿನ ಪಾಕೀಟಿನಿಂದ ಕತ್ತರಿಸಿದ ತುಂಡೊಂದು ಬಿಸಿ ಪಾತ್ರೆಯ ಮುಚ್ಚಳಕ್ಕೆ ತಗುಲಿ, ಮೆತ್ತಗಾಗಿ ಅಂಟಿಕೊಂಡಿತ್ತು. ಉಗುರಿನಿಂದ ಕೀಳುತ್ತ ನಿಂತವಳಿಗೆ ನಮ್ಮ ಮಿಸ್ತ್ರಿ ಕಾಕಾ ನೆನಪಾದರು. ಅವರಿಗೆ ನಾನೊಂದು ಸುಳ್ಳು ಹೇಳಿದ್ದೆ. ಆಗ ನಾನು ಸೊಲ್ಲಾಪುರದ ಈ ಮನೆಗೆ ಸೊಸೆಯಾಗಿ ಬಂದು ನಾಲ್ಕೈದು ತಿಂಗಳಾಗಿತ್ತು...

ಮಾವನವರದು ಬೇಳೆಯ ವ್ಯಾಪಾರ. ದುಧನಿಯ ಪೇಟೆಯಿಂದ ತೊಗರಿ ತರಲು ಹಳೆಯದೊಂದು ಟ್ರಕ್ಕಿತ್ತು. ಅದರ ರಿಪೇರಿ, ಆರೈಕೆಯೆಲ್ಲ ಮಿಸ್ತ್ರಿ ಕಾಕಾನದು. ಅರವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನ್ನಿಗೆ ಹಚ್ಚಿ, ಅದರ ಹಿಡಿಕೆಗೆ ಕಿವಿ ಒತ್ತಿ ಕೇಳುತ್ತಿದ್ದರು. ಆ ಹೊತ್ತಿಗೆ ಯಾರಾದರೂ ಬಾಯಿ ತೆರೆದರೆ ಗದರುತ್ತಿದ್ದರು, ಮಾವನವರನ್ನೂ ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ಮಾವನವರನ್ನು ಗದರುವವರು ಒಬ್ಬರಾದರೂ ಇದ್ದಾರಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಆ ವರ್ಷ ಪಾಡವಾ, ಅಂದರೆ ಯುಗಾದಿಯ ದಿನ ಟ್ರಕ್ಕಿನ ಪೂಜೆ ನನ್ನ ಪಾಲಿಗೆ ಬಂತು. ಗಾಲಿ, ಸ್ಟೇರಿಂಗು, ಡೀಸೆಲ್ ತುಂಬುವ ಟಾಕಿ, ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಮೇಲೆ ನೀರು ಚಿಮುಕಿಸುವುದು ನಮ್ಮ ಪದ್ಧತಿ. ಟಾಕಿಯ ಮುಚ್ಚಳದ ನಡುವೆ ಸಣ್ಣದೊಂದು ತೂತು ಕಂಡಿತು. ಕುಂಕುಮದ ನೀರು ಡೀಸೆಲ್ಲಿಗೆ ಇಳಿದೀತೆಂದು ಹೆದರಿದೆ. ಮುಚ್ಚಳದ ಬೀಗದ ಕೀಲಿಕೈ ಪೂಜೆಯ ತಟ್ಟೆಯಲ್ಲೇ ಇತ್ತು. ಮುಚ್ಚಳ ತೆಗೆದು, ಹಾಲಿನ ಪಾಕೀಟಿನ ತುಂಡೊಂದನ್ನು ಒಳಗಿನಿಂದ ಬಿಗಿಯಾಗಿ ಕೂರಿಸಿದೆ. ನನ್ನ ಜಾಣತನಕ್ಕೆ ನಾನೇ ಬೀಗಿ, ಪೂಜೆ ಮುಗಿದ ಮೇಲೆ ತೆಗೆಯುವುದನ್ನು ಮರೆತೆ. ಡೀಸೆಲ್ ಹಾಕಿಸುವಾಗ ಅದನ್ನು ನೋಡಿದ ಡ್ರೈವರ್, ಮಿಸ್ತ್ರಿ ಕಾಕಾನೇ ಹಾಕಿದ ವಾಷರ್ ಎಂದು ತಿಳಿದನಂತೆ.

ಬಿಸಿಲು ಏರಿದಂತೆ ಟ್ರಕ್ಕಿಗೆ ರೋಗ ಹತ್ತಿತು. ಬೆಳಿಗ್ಗೆ ನೆಟ್ಟಗೆ ಹೊರಡುವುದು, ಮಧ್ಯಾಹ್ನವಾದರೆ ಕೆಮ್ಮುವುದು, ನಡುಗುವುದು, ಏರು ಬಂದರೆ ನಿಂತೇ ಬಿಡುವುದು. ಕಾಕಾ ಫಿಲ್ಟರ್ ಬದಲಿಸಿದರು, ಪೈಪು ಬಿಚ್ಚಿ ಊದಿದರು, ಇಂಜಿನ್ನಿನ ಡೀಸೆಲ್ ಪಂಪಿನ ಮೇಲೆ ಒದ್ದೆ ಗೋಣಿ ಹೊದಿಸಿದರು. ಯಾವುದಕ್ಕೂ ಅದು ಜಗ್ಗಲಿಲ್ಲ. ಇತ್ತ ಅತ್ತೆ ನೆರೆಯವರ ಮುಂದೆ, "ಹೊಸ ಸೊಸಿ ಕಾಲ್ಗುಣ ನೋಡ್ರಿ. ಬಂದಾಗಿಂದ ಗಾಡಿ ಹಾದಿಗಿ ಬಂದಿಲ್ಲ," ಎಂದು ನನಗೆ ಕೇಳುವಂತೆಯೇ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಕಾಕಾ ಚಹಾ ಕುಡಿಯುತ್ತ ನನ್ನನ್ನು ಕೇಳಿದರು: "ಪೂಜಾ ದಿನಾ ಟಾಕಿ ಮುಚ್ಚಳಾ ಏನರೆ ತಗದಿದ್ದೇನು ತಂಗಿ?"

ಪಾಕೀಟಿನ ತುಂಡು ಥಟ್ಟನೆ ನೆನಪಾಯಿತು. ಅತ್ತೆ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು.

"ಇಲ್ರಿ ಕಾಕಾ. ಬರೇ ಕುಂಕುಮಾ ಹಚ್ಚೀನಿ."

"ಹಂಗಾದ್ರ ಜ್ವರಾ ಬಂದಾಗೇ ನಾಡಿ ಹಿಡೀಬೇಕು. ತಂಪ ಹೊತ್ತಿನ್ಯಾಗ ಈ ಗಾಡಿ ಭಾಳ ಶ್ಯಾಣ್ಯಾ ಆಗತೈತಿ. ಮಧ್ಯಾಹ್ನ ನಾನೂ ಜೋಡಿ ಹೋಗತೀನಿ."

ಗುಟ್ಟಾಗಿ ಕಿತ್ತು ತೆಗೆಯೋಣವೆಂದರೆ ಮುಚ್ಚಳಕ್ಕೆ ಬೀಗ, ಕೀಲಿಕೈ ಡ್ರೈವರನ ಕಿಸೆಯಲ್ಲಿ. ಇಷ್ಟು ಸಣ್ಣ ಪ್ಲಾಸ್ಟಿಕ್ಕು ಅಷ್ಟು ದೊಡ್ಡ ಇಂಜಿನ್ನಿಗೆ ಏನು ಮಾಡೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳಿಗೆ ಸುಳ್ಳು ಜೋಡಿ.

ಮೂರು ಮಧ್ಯಾಹ್ನ ಕಾಕಾ ಆ ಹೆಂಚಿನಂಥ ಕ್ಯಾಬಿನ್ನಿನಲ್ಲಿ, ಇಂಜಿನ್ನಿನ ಪಕ್ಕದಲ್ಲೇ ಕೂತು ಅಕ್ಕಲಕೋಟೆ ದಾಟಿ ದುಧನಿಗೆ ಹೋಗಿ ಬಂದರು. ನನ್ನ ಮಾತು ನಂಬಿ ಮೊದಲೆರಡು ದಿನ ರೋಗವನ್ನು ಇಂಜಿನ್ನಿನಲ್ಲೇ ಹುಡುಕಿದರಂತೆ. ಮೂರನೆಯ ದಿನ ತೊಗರಿ ಹೇರಿಕೊಂಡು ಬರುವಾಗ, ವಳಸಂಗದ ಹತ್ತಿರ ಟ್ರಕ್ಕು ಮತ್ತೆ ಕೆಮ್ಮಿತು. ಕಾಕಾ ಕೆಳಗಿಳಿದು ಟಾಕಿಯ ಮುಚ್ಚಳ ತೆಗೆದರಂತೆ. ಟಾಕಿ ಸುಂಯ್ ಎಂದು ಗಾಳಿ ಎಳೆದುಕೊಂಡಿತಂತೆ, ಎಷ್ಟೋ ದಿನ ಹಿಡಿದಿಟ್ಟ ಉಸಿರಿನ ಹಾಗೆ. ತಂಪಿನಲ್ಲಿ ಪ್ಲಾಸ್ಟಿಕ್ಕು ಸೆಟೆದುಕೊಂಡು ಗಾಳಿಗೆ ಸಂದು ಬಿಡುತ್ತಿತ್ತು. ಬಿಸಿಲಿಗೆ ಮೆತ್ತಗಾಗಿ ತೂತಿಗೆ ಅಂಟಿಕೊಳ್ಳುತ್ತಿತ್ತು. ಗಾಳಿ ಒಳಗೆ ಹೋಗದೆ ಡೀಸೆಲ್ ಇಂಜಿನ್ನಿಗೆ ಇಳಿಯುತ್ತಿರಲಿಲ್ಲ, ಅಷ್ಟೇ.

ಸಂಜೆ ಬಂದು ಕಟ್ಟೆಯ ಮೇಲೆ ಕೂತರು. ಮುಖ ಕಪ್ಪಿಟ್ಟಿತ್ತು. ಮಾವನವರಿಗೆ, "ಮುಚ್ಚಳದ ತೂತಿನ್ಯಾಗ ಮಣ್ಣ ಹೊಕ್ಕಿತ್ತರಿ, ತಗದೀನಿ," ಎಂದರು. ನಾನು ನೀರು ತಂದುಕೊಟ್ಟೆ. ಕುಡಿದ ತಂಬಿಗೆಯ ಕೆಳಗೆ ಮಡಚಿದ ಪಾಕೀಟಿನ ತುಂಡನ್ನು ಇಟ್ಟು, ಮೆಲ್ಲಗೆ ಹೇಳಿದರು: "ಒಲಿಯಾಗ ಹಾಕಿಬಿಡು ತಂಗಿ. ಯಾರಿಗೂ ಹೇಳಬ್ಯಾಡ."

ಅಂದು ರಾತ್ರಿಯೇ ಅವರಿಗೆ ವಾಂತಿ ಶುರುವಾಯಿತು. ಮೂರನೆಯ ದಿನ ದವಾಖಾನೆಯಲ್ಲಿ ತೀರಿಕೊಂಡರು. ಬಿಸಿಲು ಬಡಿದಿತ್ತು ಎಂದರು ಡಾಕ್ಟರು. ವಯಸ್ಸೂ ಆಗಿತ್ತಲ್ಲ, ಎಂದರು ಅತ್ತೆ. ಎಲ್ಲರೂ ತಲೆದೂಗಿದರು, ನಾನೂ ತೂಗಿದೆ. ಟ್ರಕ್ಕು ಅಂದಿನಿಂದ ಎಂಥ ಬಿಸಿಲಿಗೂ ಕೆಮ್ಮಲಿಲ್ಲ. ಅದು ನೆಟ್ಟಗೆ ಓಡುವ ಸದ್ದು ಅಂಗಳಕ್ಕೆ ಬಂದಾಗಲೆಲ್ಲ ನಾನು ಒಳಮನೆಗೆ ಹೋಗುತ್ತಿದ್ದೆ... ಈಗಲೂ ಏಪ್ರಿಲ್ ಬಂತೆಂದರೆ, ಮಧ್ಯಾಹ್ನದ ಮೌನದಲ್ಲಿ ಕಟ್ಟೆಯ ಕಡೆಯಿಂದ ಯಾರೋ ನೀರು ಕೇಳಿದ ಹಾಗಾಗುತ್ತದೆ. ಎದ್ದು ಹೋಗಿ ನೋಡುತ್ತೇನೆ. ಯಾರೂ ಇರುವುದಿಲ್ಲ.

ಮೊನ್ನೆ ಆ ತುಂಡನ್ನು ಹಿಡಿದು ಕೂಗಿದೆ: "ಇದನ್ನ ಇಲ್ಲಿ ಯಾರ ಇಟ್ಟಾರ?"

ಮನೆಗೆ ಬಂದು ಮೂರು ತಿಂಗಳಾದ ಸೊಸೆ ಚಪಾತಿ ಲಟ್ಟಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ನಾನರಿ ಅತ್ತಿ. ಇಟ್ಟು ಮರತ್ನಿ."

ಅಷ್ಟೇ. ಲಟ್ಟಣಿಗೆ ಕೂಡ ನಿಲ್ಲಲಿಲ್ಲ. ನನ್ನ ಅತ್ತೆ ತೀರಿ ಎಷ್ಟೋ ವರ್ಷವಾಯಿತು, ಟ್ರಕ್ಕೂ ಗುಜರಿ ಸೇರಿತು, 'ನಾನರಿ' ಎಂಬ ಆ ಮಾತನ್ನು ನಾನಿನ್ನೂ ಆಡಿಲ್ಲ.

"ಯಾಕ್ರಿ ಅತ್ತಿ, ಏನಾತು?" ಎಂದಳು.

"ಏನಿಲ್ಲವಾ," ಎಂದೆ.