ಗುರುತು ಹತ್ತುವ ಮೊಟ್ಟೆ

ಆಂಟಾಪ್ ಹಿಲ್‌ನ ನಮ್ಮ ಚಾಳಿನಲ್ಲಿ ಕೋಳಿಯ ಕಿವಿಹಾಲೆ ನೋಡಿ ಭವಿಷ್ಯ ನುಡಿಯಬಲ್ಲ ಮಹಾಪುರುಷನೆಂದರೆ ಬಿಜಾಪುರ ಕಡೆಯ ಮೌಲಾಲಿ. ಹೊಟ್ಟೆಪಾಡಿಗೆ ಬಿಲ್ಡಿಂಗುಗಳಿಗೆ ಬಣ್ಣ ಬಳಿಯುತ್ತಿದ್ದ. ಕೆಂಪು ಹಾಲೆಯ ಕೋಳಿ ಕಂದು ಮೊಟ್ಟೆ ಇಡುತ್ತದೆ, ಬಿಳಿ ಹಾಲೆಯದು ಬಿಳಿ ಮೊಟ್ಟೆ. ಈ ಏರ್ಪಾಟನ್ನು ಒಪ್ಪಿ ಸುಮ್ಮನಿರುವ ಜಾಯಮಾನ ಅವನದಲ್ಲ. ಸಾಂತಾಕ್ರೂಜಿನಿಂದ ಬಿಳಿ ಲೆಗಾರ್ನ್ ಹುಂಜವೊಂದನ್ನು ಚೀಲದಲ್ಲಿ ಕೂರಿಸಿ ಲೋಕಲ್ ರೈಲಿನಲ್ಲಿ ತಂದ. ಊರ ಹೇಟೆಗಳ ಜೊತೆ ಕೂಡಿಸಿ, ಮರಿಗಳಲ್ಲಿ ಆರಿಸಿ ಆರಿಸಿ, ವರ್ಷಗಟ್ಟಲೆ ಕಾದಾಡಿ, ಎಪ್ಪತ್ತೆರಡನೇ ಇಸವಿಯಲ್ಲಿ ಮೋತಿ ಎಂಬ ಹೇಟೆಯನ್ನು ಪಡೆದ. ಹಾಲೆ ಮುತ್ತಿನಂತೆ ಬಿಳಿ, ಮೊಟ್ಟೆ ಬಾದಾಮಿ ಬಣ್ಣ. ಮುಂಬಯಿಯಲ್ಲಿ ಇಂಥದು ಇನ್ನೊಂದಿಲ್ಲವೆಂದು ತಾನೇ ಸಾರಿದ. ಪ್ರತಿಸ್ಪರ್ಧಿಗಳು ಯಾರೂ ಇರಲಿಲ್ಲ.

ಪಕ್ಕದ ಖೋಲಿಯಲ್ಲಿ ಮೈಸೂರಿನ ಗುಮಾಸ್ತ ಸತ್ಯಮೂರ್ತಿಯ ಸಂಸಾರ. ಬಾಣಂತನದ ನಂತರ ಹೆಂಡತಿ ಸುಬ್ಬಲಕ್ಷ್ಮಿ ಸೊರಗಿ ಕಡ್ಡಿಯಾಗಿದ್ದಳು. ಡಾಕ್ಟರು ದಿನಕ್ಕೊಂದು ಮೊಟ್ಟೆ ಎಂದಿದ್ದರು. ಮಡಿ ಬಿಡದ ತನ್ನ ತಾಯಿ ಸರಸ್ವತಮ್ಮನಿಗೆ ತಿಳಿಯಬಾರದೆಂದು ಸತ್ಯಮೂರ್ತಿ ಮೌಲಾಲಿಯ ಕೈ ಹಿಡಿದು ಬೇಡಿಕೊಂಡ. ಮೌಲಾಲಿ ಕರಗಿಹೋದ. ಕಾಯಿಲೆಯವರಿಗೆ ಮೋತಿಯದೇ ಆಗಬೇಕೆಂದು ಹಟ ಹಿಡಿದು, ಆ ಮೊಟ್ಟೆಗಳನ್ನೆಲ್ಲ ಆ ಮನೆಗೇ ಮೀಸಲಿಟ್ಟ.

ಒಂದು ಬೆಳಿಗ್ಗೆ ಸತ್ಯಮೂರ್ತಿಯ ಬಾಗಿಲ ಮುಂದಿನ ಮೋರಿಯಲ್ಲಿ ಮೊಟ್ಟೆಯ ಸಿಪ್ಪೆ ಸಿಕ್ಕಿತು. ಸರಸ್ವತಮ್ಮ ಅದನ್ನು ಕಡ್ಡಿಯಲ್ಲೆತ್ತಿ ಮೌಲಾಲಿಯ ಹೆಂಡತಿ ಅಕ್ಬರಬಿಯನ್ನು ಕರೆದರು. ನಲ್ಲಿಯ ಬಳಿಯಿದ್ದವರೆಲ್ಲ ತಿರುಗಿದರು.

"ನಿಮ್ಮ ಬಜಾರ್ ಮೊಟ್ಟೆ ಸಿಪ್ಪೆ ನಮ್ಮ ಬಾಗಿಲಿಗೇ ಯಾಕಮ್ಮ ಹಾಕ್ತೀಯ?"

ಅಕ್ಬರಬಿ ಕ್ಷಣದಲ್ಲಿ ಎಲ್ಲ ಅರ್ಥಮಾಡಿಕೊಂಡಳು. "ತಪ್ಪಾತ್ರೀ ಅಮ್ಮಾರ. ನಾನ ಒಗದೇನಿ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಲ್ಲುಜ್ಜುತ್ತಿದ್ದ ನಮ್ಮ ವೀರನ ಕಿವಿಗೆ ಬಿದ್ದದ್ದು ಒಂದೇ ಮಾತು, ಬಜಾರ್.

"ಬಜಾರದ್ದಲ್ರೀ. ಆ ಬಣ್ಣ ನೋಡ್ರಿ, ನಮ್ಮ ಮೋತೀದು. ಅದನ್ನ ನಾವರ ಎಲ್ಲಿ ತಿಂತೇವ್ರಿ? ಒಂದ ಮನಿಗಷ್ಟ ಕೊಡತೇನಿ..."

ನಿಲ್ಲಿಸಿದ. ತಡವಾಗಿತ್ತು. ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಸುಬ್ಬಲಕ್ಷ್ಮಿಯ ಮುಖ ಕೆಂಪೇರಿತು. ಸರಸ್ವತಮ್ಮ ಕಡ್ಡಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದರು.

ಅಂದಿನಿಂದ ಮೌಲಾಲಿ ತಲೆಯೆತ್ತಲಿಲ್ಲ. ಸತ್ಯಮೂರ್ತಿ ಅವನ ಕಣ್ಣು ತಪ್ಪಿಸಿ ಹಿಂದಿನ ಮೆಟ್ಟಿಲು ಹಿಡಿದ. ಆ ಮನೆಗೆ ಮೊಟ್ಟೆ ಹೋಗುವುದು ನಿಂತಿತು. ಸುಬ್ಬಲಕ್ಷ್ಮಿ ಮತ್ತೆ ಸೊರಗಿ ಹಾಸಿಗೆ ಹಿಡಿದಳು.

ಆಮೇಲೊಂದು ಮಧ್ಯಾಹ್ನ ಸರಸ್ವತಮ್ಮನೇ ಬಂದು, ಗೋಡೆ ನೋಡುತ್ತ ಹೇಳಿದರು:

"ಹುಡುಗಿ ಉಳೀಬೇಕಪ್ಪ. ಮೊಟ್ಟೆ ಕೊಡು. ಬಿಳೀದು, ಎಲ್ಲರ ಮನೇಲೂ ಇರೋ ಅಂಥದ್ದು. ಗುರುತು ಹತ್ತಬಾರದು."

ಮೌಲಾಲಿಯ ಕೋಳಿಗಳಲ್ಲಿ ಅಂಥ ಮೊಟ್ಟೆ ಇಡುವುದು ಒಂದೂ ಉಳಿದಿರಲಿಲ್ಲ. ಅಂದಿನಿಂದ ಅವನೇ ಬಜಾರಿಗೆ ಹೋಗಿ ಬಿಳಿ ಮೊಟ್ಟೆ ಕೊಂಡು ತರುತ್ತಿದ್ದ. ಮೋತಿಯ ಗೂಡಿನ ಮುಂದೆ ಹಾಯುವಾಗ ಚೀಲವನ್ನು ಆಚೆಯ ಕೈಗೆ ಬದಲಿಸಿಕೊಳ್ಳುತ್ತಿದ್ದ.