ಮದ್ದು ಬಂದ ಮೇಲೆ

ಪತ್ರಿಕೆಗಳಲ್ಲಿ ತಲೆಬರಹ ಕೊಡುವವರಿಗೂ ನನಗೂ ಯಾವತ್ತೂ ಸರಿಬಂದಿಲ್ಲ. ವಾರಕ್ಕೊಂದು ಸಲ ಮೈಸೂರಿನ ಪತ್ರಿಕೆಯೊಂದಕ್ಕೆ ವೈದ್ಯವಿಜ್ಞಾನದ ಹೊಸ ಸುದ್ದಿಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದ ಕಾಲದಲ್ಲಿ, ಆ ಕಚೇರಿಯವರ ಜೊತೆ ಫೋನಿನಲ್ಲಿ ಜಗಳವಾಡದ ವಾರವೇ ಇರುತ್ತಿರಲಿಲ್ಲ. ನಾನು ‘ಸಂಶೋಧನೆಯಲ್ಲಿ ಸಣ್ಣದೊಂದು ಮುನ್ನಡೆ’ ಎಂದು ಬರೆದು ಕಳಿಸಿದರೆ ಅವರು ‘ಕೊನೆಗೂ ಸಿಕ್ಕಿತು ಮದ್ದು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಿದ್ದರು. ಅಲ್ಲಿ ನನಗೆ ಜಗಳಗಂಟಿ ಟೀಚರು ಎಂಬ ಹೆಸರಿತ್ತಂತೆ. ಇರಲಿ ಬಿಡಿ. ಅವರಿಗೆ ನನ್ನ ತಂಗಿಯ ವಿಷಯ ಗೊತ್ತಿರಲಿಲ್ಲ, ನಾನೂ ಹೇಳಲು ಹೋಗಲಿಲ್ಲ.

ನಮ್ಮ ಮನೆ ಇದ್ದದ್ದು ಚಿಕ್ಕಯ್ಯನಛತ್ರದ ಪಕ್ಕದ ಹಳ್ಳಿಯಲ್ಲಿ. ಅಪ್ಪ ತಾಂಡ್ಯದ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದ. ತಂಗಿ ನನಗಿಂತ ಬಹಳ ಚಿಕ್ಕವಳು. ಒಂದನೇ ಕ್ಲಾಸಿಗೆ ಹೋಗುವ ಹೊತ್ತಿಗೇ ಓಡುವಾಗ ಮುಗ್ಗರಿಸಿ ಬೀಳತೊಡಗಿದಳು. ಆಮೇಲೆ ನೆಲದಿಂದ ಏಳಬೇಕಾದರೆ ಕೈಯನ್ನು ಮೊದಲು ಮಂಡಿಗೆ, ಆಮೇಲೆ ತೊಡೆಗೆ ಊರಿ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿ ನಿಲ್ಲುತ್ತಿದ್ದಳು. ಹೈಸ್ಕೂಲು ಸೇರುವಷ್ಟರಲ್ಲಿ ಅವಳ ನಡಿಗೆ ಮನೆಯೊಳಗೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುವುದಕ್ಕೆ ಬಂದು ನಿಂತಿತ್ತು. ಮೈಸೂರಿನ ಡಾಕ್ಟರು ಅವಳ ಕಾಲನ್ನು ಎತ್ತಿ ಇಳಿಸಿ ನೋಡಿ, ಅವ್ವನಿಗೆ ಮೆಲ್ಲಗೆ ಹೇಳಿದ್ದರು. “ಇದು ಸ್ನಾಯು ಸವೆಯೋ ಕಾಯಿಲೆ ಕಣಮ್ಮ. ಇದಕ್ಕೆ ಇನ್ನೂ ಮದ್ದು ಕಂಡುಹಿಡಿದಿಲ್ಲ. ಕಂಡುಹಿಡಿದ ದಿನ ನೋಡೋಣ.”

ಅವ್ವ ವಾಪಸು ಬರುವಾಗ ಬಸ್ಸು ನಂಜನಗೂಡಿನ ದಿಕ್ಕಿಗೆ ತಿರುಗಿದ ಕೂಡಲೇ ಕೈಮುಗಿದು ಹರಕೆ ಹೊತ್ತಳು. ಮದ್ದು ಕಂಡುಹಿಡಿದರೆ ಮಗಳ ಮುಡಿ ನಂಜುಂಡಪ್ಪನಿಗೆ.

ಆ ಮುಡಿ ಅಂತಿಂಥದ್ದಲ್ಲ. ಬಿಚ್ಚಿದರೆ ಸೊಂಟದಿಂದ ಕೆಳಗೆ ಇಳಿಯುತ್ತಿತ್ತು. ಅವಳಿಗೆ ತೋಳೆತ್ತಿ ಬಾಚಿಕೊಳ್ಳಲು ಆಗದ್ದರಿಂದ ಅವ್ವನೇ ದಿನಾ ಬೆಳಗ್ಗೆ ಎಣ್ಣೆ ಹಾಕಿ, ಎರಡು ಜಡೆ ಹೆಣೆದು, ಮಡಿಸಿ ರಿಬ್ಬನ್ ಕಟ್ಟುತ್ತಿದ್ದಳು. “ಕಾಲು ಕೊಡೋದ ಮರ್ತ್ಬುಟ್ಟು ದೇವ್ರು ಕೂದ್ಲ ಡಬಲ್ ಕೊಟ್ಟವ್ನೆ” ಎಂದು ತಂಗಿಯೇ ನಗುತ್ತಿದ್ದಳು. ಅಪ್ಪ ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿಚೀಲ ಮಡಿಸಿ ಹಾಕಿ, ಅವಳನ್ನು ಕೂರಿಸಿ, ಟವಲಿನಿಂದ ಅವಳ ಸೊಂಟವನ್ನು ತನ್ನ ಸೊಂಟಕ್ಕೆ ಸೇರಿಸಿ ಕಟ್ಟಿಕೊಂಡು ಸ್ಕೂಲಿಗೆ ಹೊರಡುತ್ತಿದ್ದ. ಅವಳು ದಾರಿಯುದ್ದಕ್ಕೂ “ದಸ್ರಾ ಆನೆ ಬತ್ತಾ ಅದೆ, ದಾರಿ ಬುಡ್ರಪ್ಪೋ” ಎಂದು ಕೂಗುತ್ತಿದ್ದಳು. ಅಪ್ಪ ಅವಳನ್ನು ಎತ್ತಿಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿ ಡ್ಯೂಟಿಗೆ ಹೋಗುತ್ತಿದ್ದ. ಕ್ಲಾಸಿನಲ್ಲಿ ಗಟ್ಟಿಯಾಗಿ ಪಾಠ ಓದುವುದು ಯಾವಾಗಲೂ ಅವಳೇ. ಅವಳ ಪಾಲಿಗೆ ಇದ್ದ ಸುಖವೆಂದರೆ ಸ್ಕೂಲೊಂದೇ. ಇದನ್ನು ನಾನು ಈಗ ಯೋಚಿಸಿ ಹೇಳುತ್ತಿರುವುದಲ್ಲ, ಆಗಲೂ ನಮಗೆಲ್ಲ ಗೊತ್ತಿತ್ತು.

ತೊಂಬತ್ತರ ದಶಕದ ನಡುವಿನ ಒಂದು ಅವರೆಕಾಯಿ ಕಾಲ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತ ಹಾಸ್ಟೆಲಿನಲ್ಲಿದ್ದೆ, ಭಾನುವಾರ ಊರಿಗೆ ಬಂದಿದ್ದೆ. ಅಪ್ಪ ಗೇಟಿನ ಆಫೀಸಿಗೆ ಬರುತ್ತಿದ್ದ ಪೇಪರನ್ನು ಮಾರನೆಯ ದಿನ ಮನೆಗೆ ತರುತ್ತಿದ್ದ. ಅವ್ವನಿಗೆ ಓದು ಬಾರದು. ಅವಳು ಅವರೆಬೇಳೆ ಹಿತುಕುತ್ತ ಕೂತಿದ್ದಳು, ನಾನು ಓದಿ ಹೇಳುತ್ತಿದ್ದೆ. ಒಳಪುಟದಲ್ಲಿ ಆ ತಲೆಬರಹ ಇತ್ತು, ಸ್ನಾಯು ರೋಗಕ್ಕೆ ಮದ್ದು ಕಂಡುಹಿಡಿದ ವಿಜ್ಞಾನಿಗಳು ಎಂದು. ಕೆಳಗೆ, ಹೊರದೇಶದ ಯಾವುದೋ ಪ್ರಯೋಗಶಾಲೆಯ ಸುದ್ದಿ. ಕೊನೆಯಲ್ಲಿ, ಬಾಲದ ಹಾಗೆ, ಪ್ರಯೋಗ ಸದ್ಯಕ್ಕೆ ಇಲಿಗಳ ಮೇಲೆ ಮಾತ್ರ ನಡೆದಿದೆ ಎಂಬ ಒಂದು ಸಾಲು. ಎಲ್ಲವನ್ನೂ ಓದಿದೆ. ಅವ್ವನ ಕೈ ತಲೆಬರಹಕ್ಕೇ ನಿಂತುಹೋಗಿತ್ತು.

“ಇಲಿಗೆ ಕೊಟ್ಟು ನೋಡಿರೋದು ಕಣವ್ವ. ಮನುಷ್ಯರಿಗಲ್ಲ” ಎಂದೆ.

“ಇಲಿಗೇ ವಾಸಿಯಾಯ್ತದೆ ಅಂದ್ರೆ ಮನ್ಸರಿಗಾಗಲ್ವಾ? ಇಲಿಗಿಂತ ಕಡೆಯಾ ನನ್ ಕೂಸು?”

ನನ್ನ ಬಿ.ಎಸ್ಸಿ.ಯನ್ನೆಲ್ಲ ಅಲ್ಲಿ ಖರ್ಚು ಮಾಡಿದೆ. ಇಲಿಯಲ್ಲಿ ಗೆದ್ದ ಎಷ್ಟೋ ಮದ್ದುಗಳು ಮನುಷ್ಯರಲ್ಲಿ ಸೋಲುತ್ತವೆ, ಅದಕ್ಕೆ ಮತ್ತೆ ವರ್ಷಗಟ್ಟಲೆ ಪರೀಕ್ಷೆ ಆಗಬೇಕು ಎಂದೆ. ಅವ್ವ ಸಮಾಧಾನದಿಂದಲೇ ಕೇಳಿಸಿಕೊಂಡಳು. ಆಮೇಲೆ, ನನಗೇ ಪಾಠ ಹೇಳುವವಳ ಹಾಗೆ ಮಾತಾಡಿದಳು.

“ನೋಡವ್ವ, ನಾ ವಾಸಿ ಮಾಡಪ್ಪ ಅಂತ ಕೇಳ್ಕಂಡಿಲ್ಲ. ಮದ್ದು ಕಂಡುಹಿಡಿಸಪ್ಪ ಅಂತ ಕೇಳ್ಕಂಡಿದ್ದು. ಕಂಡುಹಿಡಿಸವ್ನೆ. ಇನ್ನ ನಾವು ಕೊಡ್ದೇ ಇದ್ರೆ ಅವ್ನು ಏನಂದ್ಕಂಡಾನು?”

ಹರಕೆ ತೀರಿಸದೆ ಫಲ ಮುಟ್ಟಬಾರದು ಎಂಬುದು ನಮ್ಮ ಕಡೆ ಎಲ್ಲರೂ ನಡೆದುಕೊಳ್ಳುವ ರೀತಿ. ಹೊಸ ಮನೆಗೆ ಹರಕೆ ಹೊತ್ತವರು ಅದನ್ನು ತೀರಿಸಿಯೇ ಒಕ್ಕಲಾಗುತ್ತಾರೆ. ಮುಡಿ ಕೊಡದೆ ಮದ್ದು ಕುಡಿಸಿದರೆ ಅದು ಮೈಗೆ ಹತ್ತುವುದಿಲ್ಲ ಎಂದು ಅವ್ವ ಖಂಡಿತವಾಗಿ ನಂಬಿದ್ದಳು. ಅವಳ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ತಪ್ಪಿದ್ದದ್ದು ತಲೆಬರಹದಲ್ಲಿ. ಅದನ್ನು ಬರೆದ ಪುಣ್ಯಾತ್ಮ ಆ ಭಾನುವಾರ ತನ್ನ ಮನೆಯಲ್ಲಿ ನೆಮ್ಮದಿಯಾಗಿ ಊಟ ಮಾಡುತ್ತಿದ್ದಿರಬೇಕು.

ಸೋಮವಾರ ಅಪ್ಪ ರಜಾ ಹಾಕಿದ. ನಂಜನಗೂಡಿನಲ್ಲಿ ಬಸ್ಸಿಳಿದ ಮೇಲೆ ತಂಗಿಯನ್ನು ಬೆನ್ನ ಮೇಲೆ ಹೊತ್ತು ಕಪಿಲೆಯ ಮೆಟ್ಟಿಲಿಳಿದ. ಮುಡಿ ತೆಗೆಯುವವನು ಜಡೆಯನ್ನು ಕೈಯಲ್ಲಿ ತೂಗಿ ನೋಡಿ, “ಇಷ್ಟುದ್ದನಾ!” ಎಂದ. ತಂಗಿ ಅಳಲಿಲ್ಲ. “ಮದ್ದು ಬರೋ ಒತ್ಗೆ ಬೆಳ್ದಿರ್ತದೆ ಬುಡಕ್ಕ” ಎಂದು ನನಗೇ ಧೈರ್ಯ ಹೇಳಿದಳು. ತೆಗೆದಾದ ಮೇಲೆ ಅವಳಿಗೆ ತಲೆ ಮುಟ್ಟಿ ನೋಡಿಕೊಳ್ಳಬೇಕೆನಿಸಿತು, ಕೈ ಅಷ್ಟೆತ್ತರಕ್ಕೆ ಏಳಲಿಲ್ಲ. ನಾನೇ ಅವಳ ಕೈ ಹಿಡಿದು ನುಣ್ಣನೆಯ ತಲೆಯ ಮೇಲೆ ಇಟ್ಟೆ. “ಎಂಗಿವ್ನಿ?” ಎಂದಳು. “ಚೆನ್ನಾಗಿದ್ದೀಯ” ಎಂದೆ. ನನಗೆ ಮುಖ ತಿರುಗಿಸಿಕೊಳ್ಳಬೇಕಾಯಿತು.

ಆ ವಾರದಲ್ಲೇ ಪೇಪರಿನ ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡು ಮೈಸೂರಿನ ಡಾಕ್ಟರ ಹತ್ತಿರ ಹೋದೆವು. ಅವರು ಓದಿದರು. ತಂಗಿಯ ಬೋಳು ತಲೆ ನೋಡಿದರು. ತುಂಡನ್ನು ಮಡಿಸಿ ಅವ್ವನ ಕೈಗೆ ವಾಪಸು ಕೊಟ್ಟರು. “ಇದು ಇಲಿಗಳಲ್ಲಿ ಆಗಿರೋದಮ್ಮ. ನಮಗೆ ಬರೋಕೆ ಇನ್ನೂ ಎಷ್ಟೋ ವರ್ಷ ಬೇಕಾಗಬಹುದು. ಬರದೇನೂ ಇರಬಹುದು” ಎಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಆದರೆ ಹಿಂದೆ ದೊಡ್ಡ ಸಾಲು ನಿಂತಿತ್ತು, ಅದಕ್ಕಿಂತ ಹೆಚ್ಚು ಮಾತಾಡಲು ಅವರಿಗೆ ಪುರಸೊತ್ತಿರಲಿಲ್ಲ. ಬಸ್ಸಿನಲ್ಲಿ ಅವ್ವ ಅಪ್ಪನಿಗೆ ಹೇಳಿದಳು. “ಬತ್ತದೆ, ವಸಿ ತಡಾಯ್ತದೆ ಅಂದ್ರು ಡಾಕ್ಟ್ರು.” ಅವರು ಹೇಳಿದ ಎರಡು ಮಾತುಗಳಲ್ಲಿ ಅವಳು ಒಂದನ್ನು ಮಾತ್ರ ಮನೆಗೆ ತಂದಳು.

ಅಲ್ಲಿಂದ ನಮ್ಮ ಮನೆಯಲ್ಲಿ ಎಲ್ಲವೂ ‘ಮದ್ದು ಬಂದ ಮೇಲೆ’ ಎಂದು ಮುಂದಕ್ಕೆ ಹೋಯಿತು. ಬೋಳು ತಲೆಯಲ್ಲಿ ಸ್ಕೂಲಿಗೆ ಬೇಡ ಎಂದು ಶುರುವಾದದ್ದು, ಪರೀಕ್ಷೆಗೂ ಬೇಡ ಎಂದಾಯಿತು. ಜೂನ್ ಬಂತು. ಕೂದಲು ಕಿವಿ ಮುಚ್ಚುವಷ್ಟು ಬೆಳೆದಿತ್ತು. ತಂಗಿ ಯೂನಿಫಾರಂ ತೆಗೆಸಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅವ್ವ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಪೆಟ್ಟಿಗೆಗೆ ಹಾಕಿದಳು. “ಇನ್ನೇನು ಬಂದೇ ಬತ್ತದೆ. ನೋಡ್ದೋರೆಲ್ಲ ಅಯ್ಯೋ ಅನ್ನಂಗೆ ಅಪ್ಪನ ಬೆನ್ಮೇಲ್ ಯಾಕೋಗ್ಬೇಕು? ಮದ್ದು ಬಂದ್ಮೇಲೆ ನಡ್ಕಂಡೇ ಓಗುವಂತೆ.” ಹೆಮ್ಮಿಗೆಯ ಅಜ್ಜಿಮನೆಯಲ್ಲಿ ಮದುವೆಯಾಯಿತು, ಅದಕ್ಕೂ ಇದೇ ಮಾತು. ಮಗಳು ತನ್ನ ಕಾಲ ಮೇಲೆ ನಡೆದು ಬಾಗಿಲು ದಾಟಬೇಕು ಎಂದು ಅವ್ವ ಕಾದಳು. ಅದು ಪ್ರೀತಿಯಲ್ಲದೆ ಬೇರೇನೂ ಆಗಿರಲಿಲ್ಲ, ಅದಕ್ಕೇ ಅದರ ಎದುರು ಯಾರ ಮಾತೂ ನಡೆಯಲಿಲ್ಲ. ಹೆಡ್‌ಮಾಸ್ಟರು ಮನೆಗೇ ಬಂದು ಕರೆದರು. ಅಪ್ಪ ಸೈಕಲ್ಲು ಒರೆಸುತ್ತ ಅವ್ವನ ಮುಖ ನೋಡಿದ, ಅವ್ವ ಕಾಫಿ ಕೊಟ್ಟು ಕಳಿಸಿದಳು.

ನಾನು ಒಂದು ಸಲ ತಡೆಯಲಾರದೆ ಕೂಗಿಬಿಟ್ಟೆ. “ಬರೋದಿಲ್ಲ ಕಣವ್ವ! ಅವಳಿರೋಷ್ಟರಲ್ಲಿ ಬರೋದಿಲ್ಲ. ಸ್ಕೂಲಿಗಾದರೂ ಕಳಿಸು.”

“ಮುಚ್ಚು ಬಾಯ. ಒಡಹುಟ್ದೋಳು ಆಡೋ ಮಾತಾ ಇದು?” ಎಂದಳು ಅವ್ವ. ಆಮೇಲೆ ಎಷ್ಟೋ ದಿನ ನನ್ನನ್ನು ಮಾತಾಡಿಸಲಿಲ್ಲ.

ಬೆಳಗ್ಗೆ ಮಕ್ಕಳು ಬ್ಯಾಗು ಹೊತ್ತು ಹೋಗುವಾಗ ತಂಗಿ ಜಗಲಿಯ ಮೇಲೆ ಕೂತು ಅವರ ಹೋಂವರ್ಕ್ ಕೇಳುತ್ತಿದ್ದಳು. ಜೊತೆಯವರ ಹಳೆಯ ಪುಸ್ತಕ ತರಿಸಿಕೊಂಡು ಗೋಡೆಗೆ ಪಾಠ ಓದುತ್ತಿದ್ದಳು. “ಈ ಮದ್ದು ಬರೋದ್ರೊಳ್ಗೆ ನಾನು ಎಂಟ್ನೇ ಕ್ಲಾಸ್ನಲ್ಲೇ ಮುದ್ಕಿ ಆಗೋಯ್ತೀನಿ” ಎಂದು ಒಂದು ದಿನ ನಕ್ಕಳು. ಆಮೇಲಾಮೇಲೆ ಆ ನಗುವೂ ಹೋಯಿತು. ಮಕ್ಕಳು ಹೋಗುವ ಹೊತ್ತಿಗೆ ತನ್ನನ್ನು ಒಳಗೆ ಕೂರಿಸಿ ಎಂದು ತಾನೇ ಕೇಳತೊಡಗಿದಳು.

ಮೂರನೆಯ ಮಳೆಗಾಲದಲ್ಲಿ ಅವಳಿಗೆ ನೆಗಡಿಯಾಯಿತು. ನಮಗೆ ಬಂದು ಹೋಗುವಂಥದೇ ನೆಗಡಿ. ಅವಳ ಎದೆಯ ಸ್ನಾಯುಗಳಿಗೆ ಕೆಮ್ಮಿ ಕಫ ತೆಗೆಯುವ ಬಲ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಮಧ್ಯಾಹ್ನ ನಾನೊಬ್ಬಳೇ ಹತ್ತಿರ ಇದ್ದಾಗ, ಉಸಿರು ಕೂಡಿಸಿಕೊಂಡು ಕೂಡಿಸಿಕೊಂಡು ಕೇಳಿದಳು. “ಅಕ್ಕ, ನನ್ ಜೊತೆಯವ್ರೆಲ್ಲ ಈಗ ಪಿಯುಸಿನಾ?”

“ಹೂಂ” ಎಂದೆ.

ಅವಳು ತಲೆಯಾಡಿಸಿದಳು. ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಹೋಗಿಬಿಟ್ಟಳು. ಕಾಯಿಲೆ ಅವಳನ್ನು ಹೇಗೂ ಕರೆದುಕೊಂಡು ಹೋಗುತ್ತಿತ್ತು, ಅದು ನನಗೆ ಗೊತ್ತು. ಆ ದುಃಖವನ್ನು ಹೇಗೋ ನುಂಗಿಕೊಂಡೆ. ಅವಳು ಬದುಕಿದ್ದ ವರ್ಷಗಳನ್ನೂ ಯಾರೋ ಕಿತ್ತುಕೊಂಡರಲ್ಲ, ಅದನ್ನು ಇವತ್ತಿಗೂ ನುಂಗಲು ಆಗಿಲ್ಲ.

ನನಗೆ ಟಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತು. ಅಪ್ಪ ಹೋದ ಮೇಲೆ ಅವ್ವನೂ ಅಲ್ಲಿಗೇ ಬಂದಳು. ಪತ್ರಿಕೆಗೆ ಬರೆಯತೊಡಗಿದ್ದು ಆಗ, ಎರಡು ಸಾವಿರದ ಇಸವಿಯಿಂದ ಈಚೆಗೆ. “ನೀನೂ ಅಂತಾವೇ ಬರ್ದೀಯಾ?” ಎಂದು ಅವ್ವ ಮೊದಲ ದಿನವೇ ಕೇಳಿದಳು. ಅಂಥದ್ದು ಬರೆಯಬಾರದು ಅಂತಲೇ ಬರೆಯುವುದು ಎಂದೆ. ಅಂದಿನಿಂದ ಕಳಿಸುವ ಮೊದಲು ಪ್ರತಿಯೊಂದನ್ನೂ ಅವಳಿಗೆ ಓದಿ ಹೇಳುತ್ತಿದ್ದೆ. ಅವಳಿಗೆ ಅರ್ಥವಾಗದ ಸಾಲನ್ನು ತಿದ್ದುತ್ತಿದ್ದೆ.

ಒಂದು ವಾರ ಅದೇ ಕಾಯಿಲೆಯ ಸುದ್ದಿ ಬಂತು. ಆಗಲೂ ಇಲಿಗಳೇ. ಇದು ಇನ್ನೂ ಮದ್ದಲ್ಲ ಎಂದು ಮೊದಲ ಸಾಲಿನಲ್ಲೇ ಬರೆದೆ. ಅವ್ವ ಕೊನೆಯವರೆಗೂ ಕೇಳಿದಳು. ತಂಗಿ ಹೋದ ಮೇಲೆ ಅವಳ ಓದಿನ ವಿಷಯವನ್ನು ನಮ್ಮಿಬ್ಬರಲ್ಲಿ ಯಾರೂ ಎತ್ತಿರಲಿಲ್ಲ.

“ಒಂದ್ ಮಾತು ಬುಟ್ಟೋಗದೆ ಕಣವ್ವ ಇದ್ರಲ್ಲಿ” ಎಂದಳು. “ಮದ್ದು ಬರೋಗಂಟ ಮಕ್ಕಳ್ನ ಇಸ್ಕೂಲ್ ಬುಡಿಸ್ಬೇಡಿ ಅಂತ ಬರಿ.”

ಕೊನೆಯ ಸಾಲಾಗಿ ಅದನ್ನು ಅವಳೆದುರಿಗೇ ಬರೆದು ಸೇರಿಸಿದೆ.

ಭಾನುವಾರ ಪೇಪರ್ ಬಂದಾಗ ಆ ಸಾಲು ಇರಲಿಲ್ಲ. ಅದರ ಜಾಗದಲ್ಲಿ ಒಂದು ಸೀರೆ ಅಂಗಡಿಯ ಜಾಹೀರಾತು ಇತ್ತು. ಮಾರನೆಯ ದಿನ ಫೋನು ಮಾಡಿದಾಗ, “ಜಾಗ ಸಾಲಲಿಲ್ಲ ಮೇಡಂ. ಅದು ಸುದ್ದಿನೂ ಅಲ್ವಲ್ಲ” ಎಂದರು. ಬಾಯಿಗೆ ಬಂದದ್ದು ಬೈದೆ. ಆದರೆ ಭಾನುವಾರ ಬೆಳಗ್ಗೆ ಯಾರನ್ನು ಬೈಯುವುದು? ಅವ್ವ ಕೈತೊಳೆದು ಒರೆಸಿಕೊಂಡು ಬಂದು ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತಾಗಿತ್ತು.

ಓದಿದೆ. ಕೊನೆಗೆ ಬಂದಾಗ ಕಣ್ಣನ್ನು ಪೇಪರಿನ ಮೇಲೇ ಇಟ್ಟುಕೊಂಡು, ಅದೇ ದನಿಯಲ್ಲಿ, “ಮದ್ದು ಬರುವವರೆಗೆ ಮಕ್ಕಳನ್ನು ಶಾಲೆ ಬಿಡಿಸಬೇಡಿ” ಎಂದು ಓದಿದೆ.

ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ಎಷ್ಟ್ ಜನ ಓದಿರ್ತಾರವ್ವ ಇದ್ನ?”

“ತುಂಬಾ ಜನ ಓದಿರ್ತಾರೆ” ಎಂದೆ.