ಎದೆಯ ಮೇಲಿನ ಅಪ್ಪ

ನನ್ನ ತಮ್ಮ ಯಾವ ಮಿಲಿಟರಿ ಕಾಲೇಜಿಗೆ ಸೇರಬೇಕು ಎಂಬ ಜಗಳ ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಿನಲ್ಲಿ. ದೊಡ್ಡಆಲಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ಮನೆ ನಮ್ಮದು. ಪಿಯುಸಿ ಮುಗಿದ ಕೂಡಲೇ ಸೇರಿಸಿಕೊಳ್ಳುವ ಅಕಾಡೆಮಿಯೇ ಆಗಬೇಕೆಂದು ಅಪ್ಪನ ಹಟ. ಓದೂ ಅಲ್ಲೇ, ಊಟವೂ ಅಲ್ಲೇ, ಹುಡುಗ ಕೆಡುವುದಕ್ಕೆ ಪುರುಸೊತ್ತೇ ಇರುವುದಿಲ್ಲ ಅನ್ನುತ್ತಿದ್ದ. ತಮ್ಮನಿಗೆ ಕನಕಪುರದಲ್ಲೇ ಡಿಗ್ರಿ ಮುಗಿಸಿ, ಡಿಗ್ರಿಯವರಿಗೆಂದು ಇರುವ ಬೇರೆ ಅಕಾಡೆಮಿಗೆ ಹೋಗುವ ಆಸೆ. ಇಷ್ಟು ಬೇಗ ಮನೆ ಬಿಟ್ಟಿರಲಾರ, ಅಷ್ಟೇ. ಬಾಯಿಬಿಟ್ಟು ಹೇಳುತ್ತಿರಲಿಲ್ಲ ಕಳ್ಳ. ಮಾಗಡಿಯ ಸೋದರಮಾವ ಬಂದಾಗಲೆಲ್ಲ ಸೇನೆಯೇ ಎಂಜಿನಿಯರಿಂಗ್ ಓದಿಸುವ ಮೂರನೆಯ ದಾರಿಯೊಂದನ್ನು ತಂದಿಟ್ಟು, ಟೀ ಕುಡಿದು ಎದ್ದು ಹೋಗುತ್ತಿದ್ದ. ಎಲ್ಲಿ ಗುಂಡು ಹಾರಿಸುವುದು ಕಡಿಮೆಯೋ ಅಲ್ಲಿಗೆ ಸೇರಿಸಿ ಎಂಬುದು ಅವ್ವನ ಮಾತು.

ಕೊನೆಗೆ ಅಪ್ಪನ ಕಾಟಕ್ಕೆ ತಮ್ಮ ಪಿಯುಸಿಯವರ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆದ. ಅದೇ ತಿಂಗಳು ಅಪ್ಪ ಎದೆನೋವೆಂದು ಜಗುಲಿ ಮೇಲೆ ಕೂತವನು ಏಳಲಿಲ್ಲ. ತಿಥಿ ಮುಗಿದ ಮೇಲೆ ಫಲಿತಾಂಶ ಬಂತು, ಪಾಸಾಗಿದ್ದ. ಇನ್ನು ಜಗಳವಾಡುವುದಕ್ಕೆ ಯಾರಿದ್ದರು? ಅಪ್ಪ ಹೇಳಿದ ಕಾಲೇಜಿಗೇ ಹೋಗುತ್ತೇನೆ ಎಂದುಬಿಟ್ಟ.

ನಮ್ಮ ಕಡೆ ಹಚ್ಚೆ ಬರೀ ಅಂದಕ್ಕಲ್ಲ. ಸತ್ತಾಗ ಮೈಮೇಲಿನ ಒಡವೆಯನ್ನು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯನ್ನು ಯಾರೂ ಬಿಚ್ಚಿಕೊಳ್ಳಲಾರರು, ಅದು ಜೊತೆಗೇ ಬರುತ್ತದೆ ಎಂದು ಹೆಂಗಸರು ನಂಬುತ್ತಾರೆ. ಅವ್ವನ ಮುಂಗೈ ಒಳಭಾಗದಲ್ಲಿ ಅಪ್ಪನ ಹೆಸರಿದೆ. ಮಗ ದೂರ ಹೋಗುತ್ತಾನಲ್ಲ, ಅಪ್ಪ ಜೊತೆಗಿರಲಿ ಎಂದು ಅವಳೇ ಹೇಳಿ ಕಳಿಸಿದಳು. ಅವನು ರಾಮನಗರದ ಟ್ಯಾಟೂ ಅಂಗಡಿಗೆ ಹೋಗಿ ಎದೆಯ ಎಡಗಡೆ ದೊಡ್ಡದಾಗಿ ‘ಅಪ್ಪ’ ಎಂದು ಬರೆಸಿಕೊಂಡು ಬಂದ. ಅವ್ವ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನೂ ಚೆನ್ನಾಗಿದೆ ಕಣೋ ಅಂದೆ.

ಪಾಸಾದವರಿಗೆ ಸೇನೆಯವರು ದಿನಗಟ್ಟಲೆ ನಡೆಸುವ ಸಂದರ್ಶನದಲ್ಲೂ ಗೆದ್ದ. ಕಬ್ಬಾಳಮ್ಮನಿಗೆ ಹರಕೆ ತೀರಿಸುವುದಕ್ಕೆ ಅವ್ವ ಸೀರೆಯನ್ನೂ ತಂದಿಟ್ಟಳು. ಆಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ಅಂಗಿ ಬಿಚ್ಚಿಸಿದರು. ಮುಂಗೈ ಒಳಭಾಗದಲ್ಲಾದರೆ ಹಚ್ಚೆ ನಡೆಯುತ್ತದಂತೆ, ಎದೆಯ ಮೇಲೆ ನಡೆಯುವುದಿಲ್ಲವಂತೆ. ಅವ್ವನ ಕೈಯಲ್ಲಿರುವ ಜಾಗದಲ್ಲೇ ಹಾಕಿಸಿದ್ದರೆ ಸಾಕಿತ್ತು! ಯಾವ ಕಾಲೇಜು ಎಂದು ವರ್ಷಗಟ್ಟಲೆ ಕಿತ್ತಾಡಿದ ನಾವು ಇದೊಂದನ್ನು ಯಾರನ್ನೂ ಕೇಳಿರಲಿಲ್ಲ.

ಮತ್ತೆ ಆ ಪರೀಕ್ಷೆ ಬರೆಯುವ ವಯಸ್ಸು ಮೀರಿತ್ತು. ಈಗ ಉಳಿದದ್ದು ಡಿಗ್ರಿಯ ದಾರಿ, ಅವನು ಮೊದಲು ಬೇಕೆಂದದ್ದೇ. ಆದರೆ ಅಲ್ಲೂ ಅಂಗಿ ಬಿಚ್ಚಿಸುತ್ತಾರೆ. ಹಚ್ಚೆ ತೆಗೆಸು, ಗುರುತು ಉಳಿದರೂ ಸೇರಿಸಿಕೊಳ್ಳುವುದು ಕಷ್ಟ ಎಂದು ತರಬೇತಿ ಕೊಡುತ್ತಿದ್ದ ಮೇಷ್ಟ್ರು ಹೇಳಿದರು. ಆವತ್ತು ಹುಳುಮನೆಯಲ್ಲಿ ಸೊಪ್ಪು ಹರಡುತ್ತಾ ತಮ್ಮ ಕೇಳಿದ:

“ಅಪ್ಪುನ್ನ ಅಳಿಸ್ಕೊಂಡು ಅಪ್ಪುನ್ ಆಸೆ ತೀರುಸ್ಲಾ, ಅಕ್ಕ?”

ಪಕ್ಕದಲ್ಲಿದ್ದ ಅವ್ವ ಉತ್ತರ ಕೊಟ್ಟಳು. “ನಿಮ್ಮಪ್ಪ ನನ್ ಕೈಲವ್ರೆ ಕಣ್ ಮಗ. ನಿಂದು ತೆಗುಸ್ಬುಡು.” ಹಾಗೆಂದವಳು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಲೇಸರ್ ಹಾಕಿಸಿದೆವು. ಪ್ರತಿ ಸಲವೂ ಅವನು ಕಣ್ಣು ಮುಚ್ಚಿಕೊಂಡೇ ಮಲಗುತ್ತಿದ್ದ, ಮನೆಗೆ ಬಂದ ಮೇಲೆ ಕನ್ನಡಿಯ ಮುಂದೆ ನಿಲ್ಲುತ್ತಿರಲಿಲ್ಲ. ಬಣ್ಣ ಮಾಸುತ್ತಾ ಬಂದು ಹೋಗಿಯೇಬಿಟ್ಟಿತು. ಚರ್ಮ ಮಾತ್ರ ಅಲ್ಲಲ್ಲಿ ಉಬ್ಬಿಕೊಂಡಿತು.

ಹೋದ ತಿಂಗಳು ಅವ್ವ ಲೇಸರ್ ಹಾಕಿದ ಜಾಗದ ಉರಿಗೆ ಲೋಳೆಸರ ಹಚ್ಚುತ್ತಿದ್ದಳು. ಅವಳ ಬೆರಳು ಎದೆಯ ಮೇಲೆ ಒಂದು ಕಡೆ ನಿಂತಿತು. ಆಮೇಲೆ ಮೆಲ್ಲಗೆ ಆ ಉಬ್ಬಿನ ಗುಂಟ ಅಕ್ಷರ ತಿದ್ದುವಂತೆ ಸುತ್ತಿ, ಕೆಳಗಿಳಿದು, ಮತ್ತೆ ಮೊದಲಿನಿಂದ ಹೊರಟಿತು. ಅಪ್ಪ ಹೋದ ಮೇಲೆ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

“ಓಗಿಲ್ಲ ಕಣ್ ಮಗ,” ಅಂದಳು, “ಇನ್ನೂ ಐತೆ.”

ತಮ್ಮ ಅಂಗಿಯ ಗುಂಡಿ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಅತ್ತ. ಅಪ್ಪನ ನೆನಪಾಯಿತೇನೋ ಎಂದುಕೊಂಡು ಅವ್ವ ಅವನ ಬೆನ್ನು ಸವರುತ್ತಾ ಕೂತಳು.